ಚಮಚ ಕೊಕ್ಕಿನ ಪುಟ್ಟ ಹಕ್ಕಿ: ಮರಿ ಉಳಿಸಿದರೆ ಸಾಲದು, ಕೆಸರೂ ಉಳಿಯಬೇಕು

2002ರಿಂದ 2009ರವರೆಗೆ ಒಂದು ಹಕ್ಕಿಯ ಸಂಖ್ಯೆ ವರ್ಷಕ್ಕೆ ಶೇ. 26ರಂತೆ ಕುಸಿಯಿತು. ಬರೀ ಶೇಕಡಾವಾರು ಕೇಳಿದರೆ ಅದರ ಬಿಸಿ ತಟ್ಟುವುದಿಲ್ಲ. ನೂರು ಹಕ್ಕಿಗಳಿಂದ ಲೆಕ್ಕ ಶುರುಮಾಡಿ: ಮರುವರ್ಷ 74, ಅದರ ಮರುವರ್ಷ 55, ಆಮೇಲೆ 41, 30, 22, 16. ಏಳು ವರ್ಷ ತುಂಬಿದಾಗ ಉಳಿಯುವುದು 12. ಇದೇ ವೇಗದಲ್ಲಿ ಇನ್ನೊಂದು ಹತ್ತು ವರ್ಷ ಸಾಗಿದ್ದರೆ ಇವತ್ತು ಈ ಹಕ್ಕಿಯ ಬಗ್ಗೆ ಬರೆಯಲು ಭೂತಕಾಲವನ್ನೇ ಬಳಸಬೇಕಿತ್ತು.

ಹಕ್ಕಿಯ ಹೆಸರು ಚಮಚ ಕೊಕ್ಕಿನ ಸ್ಯಾಂಡ್‌ಪೈಪರ್. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ, ಬಿಳಿ ಮೈಯ, ಉದ್ದ ಕಾಲಿನ ಚಮಚದ ಕೊಕ್ಕು ಬೇರೆ, ಇದು ಬೇರೆ. ಇದು ಗುಬ್ಬಚ್ಚಿ ಗಾತ್ರದ್ದು. ಉದ್ದ 14ರಿಂದ 16 ಸೆಂ.ಮೀ., ತೂಕ ಸುಮಾರು 30 ಗ್ರಾಂ. 1758ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್ ಕೂಡ ಕೊಕ್ಕನ್ನೇ ನಂಬಿ ಇದನ್ನು ಆ ದೊಡ್ಡ ಹಕ್ಕಿಗಳ ಗುಂಪಿಗೆ ಸೇರಿಸಿಬಿಟ್ಟಿದ್ದ. ಅಸಲಿಗೆ ಇದು ಉಬ್ಬರ ಇಳಿದ ಕೆಸರಿನಲ್ಲಿ ಓಡಾಡುತ್ತ ಸಣ್ಣ ಹುಳು, ಸೀಗಡಿಗಳನ್ನು ಹೆಕ್ಕುವ ಸ್ಯಾಂಡ್‌ಪೈಪರ್‌ಗಳ ಕುಲದ್ದು. ಕೊಕ್ಕಿನ ತುದಿ ಅಗಲವಾಗಿ ಚಪ್ಪಟೆಯಾಗಿದೆ, ಅಷ್ಟೆ. ಮೊಟ್ಟೆಯಿಂದ ಹೊರಬಂದ ಮರಿಗೂ ಆ ಚಮಚ ಇರುತ್ತದೆ. ಬೆರಳುಗುರಿನಷ್ಟು ಮರಿಯ ಮೂತಿಯಲ್ಲಿ ಅದನ್ನು ನೋಡಿದವರು ಯಾರೂ ಮರೆಯುವುದಿಲ್ಲ. ಈ ಹಕ್ಕಿಗೆ ಜಗತ್ತಿನ ಗಮನ ಸಿಕ್ಕಿದ್ದರಲ್ಲಿ ಆ ಮುದ್ದು ಮೂತಿಯ ಪಾಲು ದೊಡ್ಡದು ಎಂದೇ ನನ್ನ ಅನಿಸಿಕೆ. ಅದೇ ಕೆಸರಿನಲ್ಲಿ ಮೇಯುವ, ಅಷ್ಟೇ ಕಷ್ಟದಲ್ಲಿರುವ ಸಾದಾ ಕೊಕ್ಕಿನ ಹಕ್ಕಿಗಳಿಗೆ ಆ ಅದೃಷ್ಟವಿಲ್ಲ.

ಇದು ಮೊಟ್ಟೆಯಿಡುವುದು ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾ ಮತ್ತು ಅದಕ್ಕೆ ಅಂಟಿಕೊಂಡ ಉತ್ತರ ಕಮ್ಚಾಟ್ಕಾದ ಕರಾವಳಿಯಲ್ಲಿ ಮಾತ್ರ. ಚಳಿಗಾಲ ಕಳೆಯುವುದು ಮ್ಯಾನ್ಮಾರ್, ಬಾಂಗ್ಲಾದೇಶ, ಥಾಯ್ಲೆಂಡ್, ವಿಯೆಟ್ನಾಂ, ದಕ್ಷಿಣ ಚೀನಾಗಳ ಕಡಲಂಚಿನಲ್ಲಿ. ನಡುವೆ ಸುಮಾರು 8,000 ಕಿ.ಮೀ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಮ್ಮ ದೇಶದ ಪೂರ್ವ ಕರಾವಳಿಯಲ್ಲೂ, ಮುಖ್ಯವಾಗಿ ಪಶ್ಚಿಮ ಬಂಗಾಳದ ಕಡೆ, ಅಪರೂಪಕ್ಕೆ ಕಾಣಿಸಿಕೊಂಡಿದೆ.

1970ರ ದಶಕದಲ್ಲಿ 2,000ಕ್ಕೂ ಹೆಚ್ಚು ಜೋಡಿಗಳಿದ್ದವು ಎಂಬ ಅಂದಾಜಿದೆ. 2009ರ ಹೊತ್ತಿಗೆ ಅದು 120ರಿಂದ 220 ಜೋಡಿಗಳಿಗೆ ಇಳಿದಿತ್ತು. 2008ರಲ್ಲಿಯೇ ಇದನ್ನು ಅಳಿವಿನ ಅಂಚಿನ ಅತಿ ಗಂಭೀರ ವರ್ಗಕ್ಕೆ ಸೇರಿಸಲಾಯಿತು.

ಮರಿಗಳು ಎಲ್ಲಿ ಹೋಗುತ್ತಿದ್ದವು?

ಕುಸಿತ ಕಂಡಾಗ ಮೊದಲು ಹುಡುಕುವುದು ಗೂಡನ್ನು. ಚುಕೋಟ್ಕಾದ ಟಂಡ್ರಾ ಹಾಳಾಗಿರಲಿಲ್ಲ. ಅಲ್ಲಿ ಮನುಷ್ಯರೇ ಕಡಿಮೆ. ಹೆಣ್ಣು ನಾಲ್ಕು ಮೊಟ್ಟೆಯಿಡುತ್ತದೆ, ಎರಡೂ ಹಕ್ಕಿಗಳು ಸರದಿಯಲ್ಲಿ ಕಾವು ಕೂರುತ್ತವೆ, ಮರಿ ಹೊರಬಂದ ಮೇಲೆ ಹೆಣ್ಣು ಬೇಗ ದಕ್ಷಿಣಕ್ಕೆ ಹೊರಟುಹೋಗುತ್ತದೆ. ಬಾಣಂತನವೆಲ್ಲ ಗಂಡಿನದು. ನರಿ, ಸ್ಕುವಾ ಹಕ್ಕಿ, ಚಳಿಗಾಳಿಗೆ ಹಲವು ಮರಿಗಳು ಸಾಯುತ್ತವೆ, ನಿಜ. ಆದರೆ ಅದು ಹಿಂದೆಯೂ ಹಾಗೇ ಇತ್ತು.

ಬೆಳೆದ ಹಕ್ಕಿಗಳೂ ವಿಪರೀತವಾಗಿ ಸಾಯುತ್ತಿರಲಿಲ್ಲ. ಕಾಲಿಗೆ ಬಣ್ಣದ ಉಂಗುರ ತೊಡಿಸಿದ ಜೋಡಿಗಳು ಮರುವರ್ಷ ಅದೇ ಜಾಗಕ್ಕೆ ಮರಳುತ್ತಿದ್ದವು. ಮರಳದೆ ಹೋಗುತ್ತಿದ್ದದ್ದು ಮರಿಗಳು. ಹಾರಲು ಕಲಿತು ದಕ್ಷಿಣಕ್ಕೆ ಹೋದ ಮರಿಗಳು ದೊಡ್ಡವಾಗಿ ಚುಕೋಟ್ಕಾಕ್ಕೆ ಬಂದು ಗೂಡು ಹಿಡಿಯುವುದು ಬಹುತೇಕ ನಿಂತೇಹೋಗಿತ್ತು. ಹೊಸಬರು ಬರುತ್ತಿಲ್ಲ, ಹಳಬರು ಒಂದೊಂದಾಗಿ ಕಳಚಿಕೊಳ್ಳುತ್ತಿದ್ದಾರೆ.

ಹಾಗಾದರೆ ಮರಿಯ ಬದುಕಿಗೂ ದೊಡ್ಡ ಹಕ್ಕಿಯ ಬದುಕಿಗೂ ಇರುವ ವ್ಯತ್ಯಾಸವೇನು? ಇಲ್ಲಿದೆ ಗುಟ್ಟು. ಬೆಳೆದ ಹಕ್ಕಿ ಪ್ರತಿ ಬೇಸಿಗೆ ಉತ್ತರಕ್ಕೆ ಹೋಗಿಬಿಡುತ್ತದೆ. ಮರಿ ಮೊದಲ ಬೇಸಿಗೆಯಲ್ಲಿ ಹೋಗುವುದಿಲ್ಲ. ಅದು ಗೂಡು ಕಟ್ಟುವ ವಯಸ್ಸಿಗೆ ಬರಲು ಎರಡು ವರ್ಷ ಬೇಕು. ಅಲ್ಲಿಯವರೆಗೆ ಚಳಿಗಾಲದ ಬೀಡಿನಲ್ಲೇ ಉಳಿಯುತ್ತದೆ. ಅಂದರೆ ಮ್ಯಾನ್ಮಾರಿನ ಕೆಸರಿನಲ್ಲಿ ದೊಡ್ಡ ಹಕ್ಕಿ ವರ್ಷದ ಕೆಲವೇ ತಿಂಗಳು ಇದ್ದರೆ, ಮರಿ ಒಂದೇ ಸಮನೆ ಒಂದು ವರ್ಷಕ್ಕೂ ಮೀರಿ ಇರುತ್ತದೆ. ಅಲ್ಲಿ ಏನಾದರೂ ಕೆಡುಕಿದ್ದರೆ ಮೊದಲು ಬಲಿಯಾಗುವುದು ಮರಿಯೇ.

ಕೆಡುಕು ಇತ್ತು. ಸಿತ್ತಾಂಗ್ ನದಿ ಸೇರುವ ಮೊತ್ತಾಮಾ ಕೊಲ್ಲಿಯಲ್ಲಿ (ಹಳಬರು ಮಾರ್ತಾಬಾನ್ ಎನ್ನುತ್ತಿದ್ದ ಕೊಲ್ಲಿ) ಈ ಹಕ್ಕಿಗಳ ಅರ್ಧದಷ್ಟು ಚಳಿಗಾಲ ಕಳೆಯುತ್ತವೆ. ಅಲ್ಲಿನ ಹಳ್ಳಿಗಳ ಬಡವರು ತೆಳುವಾದ ನೈಲಾನ್ ಬಲೆಗಳನ್ನು ಕೆಸರಿನಲ್ಲಿ ಕಂಬ ನೆಟ್ಟು ಕಟ್ಟಿ, ತಿನ್ನಲು ಮತ್ತು ಮಾರಲು ಹಕ್ಕಿ ಹಿಡಿಯುತ್ತಿದ್ದರು. ಚಮಚ ಕೊಕ್ಕಿನದನ್ನೇ ಬೇಕೆಂದು ಯಾರೂ ಹಿಡಿಯುತ್ತಿರಲಿಲ್ಲ. 30 ಗ್ರಾಂ ಹಕ್ಕಿಯಲ್ಲಿ ಮಾಂಸವಾದರೂ ಎಷ್ಟಿದ್ದೀತು? ಬೇಕಾದದ್ದು ದೊಡ್ಡ ಹಕ್ಕಿಗಳು. ಆದರೆ ಬಲೆಗೆ ಅದು ಗೊತ್ತಾಗುವುದಿಲ್ಲ. ಅನುಭವವಿಲ್ಲದ ಮರಿಗಳು ಹಾರಿ ಬಂದು ಸಿಕ್ಕಿಕೊಳ್ಳುತ್ತಿದ್ದವು.

ಇದು ಸ್ಪಷ್ಟವಾದ ಮೇಲೆ ಆದ ಕೆಲಸ ಆಶ್ಚರ್ಯವಾಗುವಷ್ಟು ಸರಳ, ಅಗ್ಗ. ಮ್ಯಾನ್ಮಾರಿನ ಬಾಂಕಾ ಎಂಬ ಸಂಸ್ಥೆಯವರು ಹಳ್ಳಿಗಳಿಗೆ ಹೋಗಿ ಬೇಟೆಗಾರರೊಂದಿಗೆ ಕೂತು ಮಾತಾಡಿದರು. ಹಕ್ಕಿ ಬಲೆ ಬಿಟ್ಟವರಿಗೆ ಮೀನು ಬಲೆ, ದೋಣಿ, ಬೇರೆ ದುಡಿಮೆಗೆ ಬಂಡವಾಳ ಸಿಕ್ಕಿತು. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಬಳಿಯ ಸೋನಾದಿಯಾ ದ್ವೀಪದಲ್ಲೂ ಸುಮಾರು 25 ಮಂದಿ ಬೇಟೆಗಾರರಿಗೆ ಇದೇ ರೀತಿ ಪರ್ಯಾಯ ಒದಗಿಸಲಾಯಿತು. ಪೊಲೀಸರನ್ನು ಕಳಿಸಿ ಬಲೆ ಕಿತ್ತು ಬಿಸಾಡಿದ್ದರೆ ರಾತ್ರಿ ಮತ್ತೆ ಕಟ್ಟುತ್ತಿದ್ದರು. ಹಸಿದವನ ಕೈಯಿಂದ ಬಲೆ ಕಿತ್ತುಕೊಂಡರೆ ಹಸಿವು ಅಲ್ಲೇ ಇರುತ್ತದಲ್ಲ. 2017ರಲ್ಲಿ ಮೊತ್ತಾಮಾ ಕೊಲ್ಲಿಯ ಒಂದು ಭಾಗ ರಾಮ್‌ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ) ಆಯಿತು.

ಮೊಟ್ಟೆ ಕದ್ದು ಮರಿ ಬೆಳೆಸುವ ಕಥೆ

ಇದೇ ಕಾಲದಲ್ಲಿ ಇನ್ನೊಂದು ಕಡೆ ತುರ್ತು ಕೆಲಸ ನಡೆದಿತ್ತು. ಟಿ.ವಿ. ಕ್ಯಾಮೆರಾಗಳು ಹೆಚ್ಚು ಇಷ್ಟಪಟ್ಟದ್ದು ಇದನ್ನೇ. ಹಕ್ಕಿ ಪೂರ್ತಿ ಅಳಿದೇಹೋದರೆ ಎಂಬ ಭಯದಿಂದ 2011ರಲ್ಲಿ ಬ್ರಿಟನ್ನಿನ ವೈಲ್ಡ್‌ಫೌಲ್ ಅಂಡ್ ವೆಟ್‌ಲ್ಯಾಂಡ್ಸ್ ಟ್ರಸ್ಟ್ ಮತ್ತು ಬರ್ಡ್ಸ್ ರಷ್ಯಾ ಸಂಸ್ಥೆಯವರು ಚುಕೋಟ್ಕಾದ ಮೇಯ್ನಿಪಿಲ್ಗಿನೋ ಎಂಬ ಹಳ್ಳಿಗೆ ಹೋದರು. ಅಲ್ಲಿ ಮೊಟ್ಟೆ ಸಂಗ್ರಹಿಸಿ, ಮರಿ ಮಾಡಿಸಿ, ಮಾಸ್ಕೋ ಮೃಗಾಲಯದಲ್ಲಿ ಕ್ವಾರಂಟೈನ್ ಮುಗಿಸಿ, 13 ಹಕ್ಕಿಗಳನ್ನು ಇಂಗ್ಲೆಂಡಿನ ಸ್ಲಿಂಬ್ರಿಜ್‌ಗೆ ತಂದರು. ಮರುವರ್ಷ ಇನ್ನಷ್ಟು ಮೊಟ್ಟೆ ಬಂದವು.

ಪಂಜರದಲ್ಲಿ ಹಕ್ಕಿಗಳು ಬದುಕಿದವು. ಮೊಟ್ಟೆ ಮಾತ್ರ ಇಡಲಿಲ್ಲ. ಕಾರಣ ಯೋಚಿಸಿದರೆ ತಿಳಿಯುವಂಥದ್ದೇ. ಈ ಹಕ್ಕಿಯ ದೇಹ ಋತುವನ್ನು ಗುರುತಿಸುವುದು ಬೆಳಕಿನಿಂದ. ಉಷ್ಣವಲಯದ ಹನ್ನೆರಡು ಗಂಟೆ ಹಗಲಿನಿಂದ ಹೊರಟು, ಸೂರ್ಯ ಮುಳುಗದ ಆರ್ಕ್ಟಿಕ್ ಬೇಸಿಗೆಗೆ ತಲುಪುವ ಹಕ್ಕಿ ಅದು. ಇಂಗ್ಲೆಂಡಿನ ಶೆಡ್ಡಿನೊಳಗೆ ಆ ಪಯಣವೇ ಇಲ್ಲ. ದೀಪ, ಉಷ್ಣಾಂಶಗಳನ್ನು ವಲಸೆಯ ದಾರಿಗೆ ತಕ್ಕಂತೆ ಬದಲಿಸುತ್ತ ಹೋದ ಮೇಲೆ 2016ರಲ್ಲಿ ಮೊದಲ ಮೊಟ್ಟೆಗಳು ಬಂದವು. ಆ ಮರಿಗಳು ಉಳಿಯಲಿಲ್ಲ. 2019ರಲ್ಲಿ ಎರಡು ಮರಿಗಳು ಬೆಳೆದು ನಿಂತವು. ಎಂಟು ವರ್ಷದ ಪಾಡಿಗೆ ಎರಡು ಮರಿ. ಇದನ್ನು ವಿಫಲ ಎನ್ನುವುದು ಕ್ರೂರವಾದೀತು. ಆದರೆ ಪಂಜರದ ಹಕ್ಕಿಗಳಿಂದಲೇ ಕಾಡು ತುಂಬಿಸಬಹುದು ಎಂದುಕೊಂಡವರಿಗೆ ಇದೊಂದು ಉತ್ತರ.

ಅದೇ ತಂಡ ಮೇಯ್ನಿಪಿಲ್ಗಿನೋದಲ್ಲೇ 2012ರಿಂದ ಮಾಡಿದ ಇನ್ನೊಂದು ಕೆಲಸ ಹೆಚ್ಚು ಫಲ ಕೊಟ್ಟಿತು. ಅದನ್ನು ಹೆಡ್‌ಸ್ಟಾರ್ಟಿಂಗ್ ಎನ್ನುತ್ತಾರೆ. ಋತುವಿನ ಆರಂಭದಲ್ಲಿ ಗೂಡಿನಿಂದ ಮೊಟ್ಟೆಗಳನ್ನು ತೆಗೆದು ಕಾವುಪೆಟ್ಟಿಗೆಯಲ್ಲಿಟ್ಟು, ಮರಿಗಳನ್ನು ನರಿ ಬಾರದ ಬಲೆಮನೆಯಲ್ಲಿ ಸಾಕಿ, ಹಾರಲು ಬಂದಾಗ ಅಲ್ಲಿಯೇ ಬಿಟ್ಟುಬಿಡುವುದು. ಮೊಟ್ಟೆ ಕಳೆದುಕೊಂಡ ಜೋಡಿಗೆ ಸಮಯ ಉಳಿದಿದ್ದರೆ ಮತ್ತೊಮ್ಮೆ ಇಡಲೂಬಹುದು. ಕಾಡಿನಲ್ಲಿ ನಾಲ್ಕು ಮೊಟ್ಟೆಯ ಗೂಡಿನಿಂದ ಸರಾಸರಿ ಒಂದು ಮರಿಯೂ ಹಾರುವ ಹಂತಕ್ಕೆ ಬರುವುದಿಲ್ಲ. ಮನುಷ್ಯರ ಕಾವಲಿನಲ್ಲಿ ನಾಲ್ಕರಲ್ಲಿ ಮೂರರ ಆಸುಪಾಸು ದಕ್ಕುತ್ತವೆ.

ತಾಯ್ತಂದೆ ಇಲ್ಲದೆ ಬೆಳೆದ ಮರಿ 8,000 ಕಿ.ಮೀ. ದಾರಿ ಹೇಗೆ ಹುಡುಕೀತು? ಕೊಕ್ಕರೆ, ಬಾತುಗಳ ಕೆಲವು ಜಾತಿಗಳಲ್ಲಾದರೆ ಇದು ನಿಜಕ್ಕೂ ದೊಡ್ಡ ತೊಡಕು, ಅಲ್ಲಿ ಮರಿಗಳು ಹಿರಿಯರ ಹಿಂದೆ ಹಾರಿ ದಾರಿ ಕಲಿಯುತ್ತವೆ. ಇಲ್ಲಿ ಆ ತೊಡಕಿಲ್ಲ. ಈ ಜಾತಿಯಲ್ಲಿ ದೊಡ್ಡವು ಮೊದಲೇ ಹೊರಟುಬಿಡುತ್ತವೆ, ಮರಿಗಳು ಎಂದಿನಿಂದಲೂ ತಾವಾಗಿಯೇ ಹೋಗುತ್ತ ಬಂದಿವೆ. ದಾರಿ ಹುಟ್ಟಿನಿಂದಲೇ ಮೈಯಲ್ಲಿದೆ. 2012ರಲ್ಲಿ ಹೀಗೆ ಬೆಳೆಸಿ ಬಿಟ್ಟ ಒಂಬತ್ತು ಮರಿಗಳಲ್ಲಿ ಒಂದು 2014ರಲ್ಲಿ ಅದೇ ಊರಿಗೆ ಮರಳಿ ಬಂತು.

ಆದರೂ ಒಂದು ಮಾತು ಹೇಳಲೇಬೇಕು. ಬಲೆಗಳು ಹಾಗೇ ಇದ್ದಿದ್ದರೆ, ಹೀಗೆ ಬೆಳೆಸಿದ ಮರಿಗಳೂ ಮೊತ್ತಾಮಾದಲ್ಲೇ ಮುಗಿದುಹೋಗುತ್ತಿದ್ದವು. ಮರಿ ಬೆಳೆಸುವುದು ಸಮಯ ಕೊಳ್ಳುವ ಉಪಾಯ. ಕೊಂಡ ಸಮಯದಲ್ಲಿ ಬೇರೇನು ಮಾಡಿದೆವು ಎಂಬುದರ ಮೇಲೆ ಅದರ ಬೆಲೆ.

ಕೆಸರು ಎಂಬ ಆಸ್ತಿ

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ಚೀನಾ ಮತ್ತು ಕೊರಿಯಾಗಳ ನಡುವಿನ ಹಳದಿ ಸಮುದ್ರದ ದಂಡೆ ಈ ವಲಸೆಯ ನಡುಗಂಬ. ಉತ್ತರದಿಂದ ಬಂದ ದೊಡ್ಡ ಹಕ್ಕಿಗಳು ಚೀನಾದ ಜಿಯಾಂಗ್ಸು ಪ್ರಾಂತ್ಯದ ತೀರದಲ್ಲಿ ವಾರಗಟ್ಟಲೆ ಇಳಿದು, ಸವೆದ ರೆಕ್ಕೆಗರಿಗಳನ್ನು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ. ಗರಿ ಬೆಳೆಯಲು ಶಕ್ತಿ ಬೇಕು, ಶಕ್ತಿಗೆ ಮೇವು ಬೇಕು, ಮೇವಿಗೆ ಕೆಸರು ಬೇಕು.

ಆ ಕೆಸರು ಏನಾಯಿತು? ಹಳೆಯ ನಕ್ಷೆಗಳನ್ನೂ ಉಪಗ್ರಹ ಚಿತ್ರಗಳನ್ನೂ ಹೋಲಿಸಿದ ಅಧ್ಯಯನದ ಪ್ರಕಾರ ಐವತ್ತು ವರ್ಷಗಳಲ್ಲಿ ಹಳದಿ ಸಮುದ್ರದ ಉಬ್ಬರ-ಇಳಿತದ ಬಯಲಿನಲ್ಲಿ ಮೂರನೇ ಎರಡರಷ್ಟು ಹೋಗಿರಬಹುದು. ಕಡಲಿಗೆ ಒಡ್ಡು ಕಟ್ಟಿ, ಒಳಗಿನ ನೀರು ಬತ್ತಿಸಿ, ಕಾರ್ಖಾನೆ, ಬಂದರು, ಮೀನುಹೊಂಡಗಳಿಗೆ ಜಮೀನು ಮಾಡಿದರು. ದಕ್ಷಿಣ ಕೊರಿಯಾದ ಸೇಮಾಂಗಿಯಮ್‌ನಲ್ಲಿ 33 ಕಿ.ಮೀ. ಉದ್ದದ ಒಡ್ಡು 2006ರಲ್ಲಿ ಮುಚ್ಚಿಕೊಂಡಿತು, ಸುಮಾರು 400 ಚದರ ಕಿ.ಮೀ. ಅಳಿವೆಗೆ ಉಬ್ಬರ ಬರುವುದು ನಿಂತಿತು.

ಒಡ್ಡು ಕಟ್ಟುವವರು ಯಾವಾಗಲೂ ಹೇಳುವ ಒಂದು ಮಾತಿದೆ: ಹಕ್ಕಿಗಳಿಗೆ ರೆಕ್ಕೆ ಇದೆಯಲ್ಲ, ಪಕ್ಕದ ಕೆಸರಿಗೆ ಹೋಗುತ್ತವೆ. ಸೇಮಾಂಗಿಯಮ್‌ನಲ್ಲಿ ಈ ಮಾತಿನ ಪರೀಕ್ಷೆಯೇ ನಡೆಯಿತು. ಗ್ರೇಟ್ ನಾಟ್ ಎಂಬ ವಲಸೆ ಹಕ್ಕಿ ಅಲ್ಲಿ ಸುಮಾರು 90,000ದಷ್ಟು ಕಡಿಮೆಯಾಯಿತು. ಪಕ್ಕದ ಅಳಿವೆಗಳಲ್ಲಿ ಅಷ್ಟು ಹಕ್ಕಿ ಹೆಚ್ಚಾದದ್ದು ಕಾಣಲಿಲ್ಲ. ಪಕ್ಕದ ಕೆಸರು ಖಾಲಿ ಬಿದ್ದಿರುವುದಿಲ್ಲ, ಅಲ್ಲಿ ಆಗಲೇ ಮೇಯುವ ಹಕ್ಕಿಗಳಿರುತ್ತವೆ ಎಂಬುದು ಒಡ್ಡಿನ ನಕ್ಷೆಯಲ್ಲಿ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಒಡ್ಡು ಮೊದಲು ನುಂಗುವುದು ದಡಕ್ಕೆ ಹತ್ತಿರದ ಮೇಲ್ಭಾಗವನ್ನು. ಉಬ್ಬರ ಅಲ್ಲಿಗೆ ಕೊನೆಗೆ ತಲುಪುತ್ತದೆ, ಬೇಗ ಬಿಟ್ಟುಹೋಗುತ್ತದೆ. ಹಾಗಾಗಿ ದಿನದಲ್ಲಿ ಹೆಚ್ಚು ಹೊತ್ತು ಮೇಯಲು ಸಿಗುವುದು ಅದೇ ಜಾಗ. ಅದು ಹೋದರೆ ಹಕ್ಕಿಗೆ ಕೆಸರು ಮಾತ್ರವಲ್ಲ, ಮೇಯುವ ಗಂಟೆಗಳೂ ಹೋದವು. ಜೊತೆಗೆ ಉಬ್ಬರ ತುಂಬಿದಾಗ ಕೂರಲು ನೆಲೆಯಿಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಕಾಂಕ್ರೀಟ್ ಗೋಡೆ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಸುಮ್ಮನೆ ಹಾರಾಡುತ್ತ ಸುಡಬೇಕು.

ಜಿಯಾಂಗ್ಸುವಿನ ತಿಯಾವೊಜಿನಿ ಎಂಬಲ್ಲಿ ಇದಕ್ಕೆ ಮಾಡಿದ ಪರಿಹಾರ ನನಗೆ ತುಂಬ ಹಿಡಿಸಿದ್ದು. 2020ರಲ್ಲಿ ಒಡ್ಡಿನ ಒಳಗಿದ್ದ ಮೀನುಹೊಂಡಗಳ 48 ಹೆಕ್ಟೇರ್ ಜಾಗವನ್ನು ತೆಗೆದುಕೊಂಡು, ನೀರಿನ ಮಟ್ಟ ತಗ್ಗಿಸಿ, ನಡುನಡುವೆ ಬಯಲು ದಿಬ್ಬ ಬಿಟ್ಟು, ಉಬ್ಬರದ ಹೊತ್ತಿನ ತಂಗುದಾಣ ಮಾಡಿದರು. ದೊಡ್ಡ ಕಾಮಗಾರಿಯೇನಲ್ಲ. ಹಕ್ಕಿಗೆ ಆ ನಾಲ್ಕಾರು ಗಂಟೆ ಏನು ಬೇಕು ಎಂದು ಗೊತ್ತಿದ್ದವರು ಮಾಡಿದ ಕೆಲಸ.

ಥಾಯ್ಲೆಂಡಿನಲ್ಲಿ ಈ ಹಕ್ಕಿಗೆ ಇಂಥದೇ ತಂಗುದಾಣ ಪಾಕ್ ಥಾಲೆ ಎಂಬಲ್ಲಿನ ಉಪ್ಪಿನ ಗದ್ದೆಗಳು. ಬಿಸಿಲಿಗೆ ಉಪ್ಪು ಮಾಡುವ ಹಳೆಯ ಪದ್ಧತಿ ಅಲ್ಲಿನ್ನೂ ಇದೆ. ಆಳವಿಲ್ಲದ ನೀರು, ಮಣ್ಣಿನ ಬದು, ಎಲ್ಲವೂ ಹಕ್ಕಿಗೆ ಹೊಂದುವಂಥದ್ದು. ಅಲ್ಲಿನ ಪಕ್ಷಿ ಸಂರಕ್ಷಣಾ ಸಂಘ ಒಂದಷ್ಟು ಗದ್ದೆಗಳನ್ನು ಕೊಂಡೇ ಬಿಟ್ಟಿದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಚಳಿಗಾಲದಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಮಚ ಕೊಕ್ಕಿನ ಸ್ಯಾಂಡ್‌ಪೈಪರ್ ಅಲ್ಲಿಗೆ ಬರುವುದಿಲ್ಲ, ಅದರ ನೆಂಟರು ಬರುತ್ತಾರೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸರ್ ಪಟ್ಟಿಗೆ ಸೇರಿದಾಗ ಕಾಂಡ್ಲಾ ವನ ಮತ್ತು ಚಿಪ್ಪಿಕಲ್ಲಿನ ಬಗ್ಗೆ ಕೇಳಿದಷ್ಟು ಅಲ್ಲಿನ ಬೋಳು ಕೆಸರಿನ ಬಗ್ಗೆ ಕೇಳಲಿಲ್ಲ. ಕೆಸರನ್ನು ಪಾಳುಜಾಗ ಎಂದುಕೊಳ್ಳುವ ಅಭ್ಯಾಸ ಚೀನಾ, ಕೊರಿಯಾಗಳಿಗೆ ಮಾತ್ರ ಸೀಮಿತವಲ್ಲ.

ಆದರೆ ಚೀನಾದಲ್ಲಿ ಗಾಳಿ ನಿಜಕ್ಕೂ ತಿರುಗಿತು. 2018ರ ಜನವರಿಯಲ್ಲಿ ಅಲ್ಲಿನ ಸರ್ಕಾರ ವ್ಯಾಪಾರಿ ಉದ್ದೇಶಕ್ಕೆ ಕಡಲು ತುಂಬಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. 2019ರಲ್ಲಿ ತಿಯಾವೊಜಿನಿ ಸೇರಿದಂತೆ ಹಳದಿ ಸಮುದ್ರದ ವಲಸೆ ಹಕ್ಕಿಗಳ ತಾಣಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಬಂದವು. ಅದೇ ಜಾಗಕ್ಕೆ ಹಿಂದೆ ಮಣ್ಣು ತುಂಬುವ ಯೋಜನೆ ಇತ್ತು. 2021ರಲ್ಲಿ ಕೊರಿಯಾದ ಕೆಸರು ಬಯಲುಗಳು ಸೇರಿದವು. 2024ರಲ್ಲಿ ನವದೆಹಲಿಯಲ್ಲಿ ನಡೆದ ಸಭೆಯಲ್ಲಿ ಚೀನಾದ ಎರಡನೇ ಹಂತದ ತಾಣಗಳಿಗೂ ಒಪ್ಪಿಗೆ ಸಿಕ್ಕಿತು. ತಾಜ್ ಮಹಲ್, ಹಂಪಿಗಳ ಸಾಲಿನಲ್ಲಿ ಕೆಸರು ನಿಂತದ್ದು ಸಣ್ಣ ಸಂಗತಿಯಲ್ಲ.

ಉಳಿದಿರುವುದೆಷ್ಟು ಎಂದು ಎಣಿಸುವುದು ಹೇಗೆ?

ಸಾವಿರಾರು ಇತರ ಹಕ್ಕಿಗಳ ನಡುವೆ ಓಡಾಡುವ, ದೂರದಿಂದ ಎಲ್ಲದರಂತೆಯೇ ಕಾಣುವ ಈ ಹಕ್ಕಿಯನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಹಾಗಾಗಿ ಚುಕೋಟ್ಕಾದಲ್ಲಿ ಕೆಲವು ಹಕ್ಕಿಗಳ ಕಾಲಿಗೆ ಅಕ್ಷರ ಕೊರೆದ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಹಾಕುತ್ತಾರೆ. ಆಮೇಲಿನ ಲೆಕ್ಕ ಹೀಗೆ: ಒಂದು ಚೀಲ ಅವರೆಕಾಳಿಗೆ ನೂರು ಕೆಂಪು ಕಾಳು ಬೆರೆಸಿ ಚೆನ್ನಾಗಿ ಕಲಸಿ. ಈಗ ಮುಷ್ಟಿ ಮುಷ್ಟಿ ತೆಗೆದು ನೋಡಿ, ಏಳು ಕಾಳಿಗೆ ಒಂದು ಕೆಂಪು ಸಿಕ್ಕಿದರೆ ಚೀಲದಲ್ಲಿ ಸುಮಾರು ಏಳುನೂರು ಕಾಳಿವೆ. ಜಿಯಾಂಗ್ಸುವಿನಲ್ಲಿ ಟೆಲಿಸ್ಕೋಪ್ ಇಟ್ಟು ಕೂತವರು ಮಾಡಿದ್ದು ಇದನ್ನೇ. ಎಷ್ಟು ಹಕ್ಕಿಗಳ ಕಾಲು ನೋಡಿದೆವು, ಅದರಲ್ಲಿ ಎಷ್ಟಕ್ಕೆ ಪಟ್ಟಿ ಇತ್ತು. ಪಟ್ಟಿ ಹಾಕಿದವುಗಳಲ್ಲಿ ಎಷ್ಟು ಬದುಕಿವೆ ಎಂಬುದನ್ನೂ ಅಂದಾಜಿಸಬೇಕು, ಕಸರತ್ತಿನ ಭಾಗ ಅದು. ಹೀಗೆ ಸಿಕ್ಕಿದ 2014ರ ಅಂದಾಜು: 210ರಿಂದ 228 ಜೋಡಿ, ಮರಿಗಳನ್ನೂ ಸೇರಿಸಿ 661ರಿಂದ 718 ಹಕ್ಕಿ. ಇಡೀ ಜಗತ್ತಿನಲ್ಲಿ.

ಅದರ ನಂತರದ ಅಂದಾಜುಗಳ ಪ್ರಕಾರ ಬೆಳೆದ ಹಕ್ಕಿಗಳ ಸಂಖ್ಯೆ ಐನೂರರ ಒಳಗೇ ಇದೆ. ಮೊದಲಿನ ಶೇ. 26ರ ಜಾರುವಿಕೆ ನಿಂತಿತು, ಕುಸಿತ ನಿಂತಿಲ್ಲ. ಸುದ್ದಿಗಳಲ್ಲಿ ಬರುವ ‘ಹಕ್ಕಿ ಉಳಿಯಿತು’ ಎಂಬ ತಲೆಬರಹಗಳನ್ನು ಈ ಎರಡರ ವ್ಯತ್ಯಾಸ ಇಟ್ಟುಕೊಂಡೇ ಓದಬೇಕು.

ಉಳಿದ ತಲೆನೋವುಗಳು ಮೂರ್ನಾಲ್ಕು ದೇಶಗಳಲ್ಲಿ ಹಂಚಿಹೋಗಿವೆ. ದಕ್ಷಿಣ ಚೀನಾದ ಲೇಝೌ ಪರ್ಯಾಯ ದ್ವೀಪದ ಸುತ್ತ ಅಕ್ರಮ ಹಕ್ಕಿ ಬಲೆಗಳು ಸಿಕ್ಕಿವೆ, ಅಲ್ಲಿನ ಸ್ವಯಂಸೇವಕರು ಅವನ್ನು ತೆಗೆಸುತ್ತ ಬಂದಿದ್ದಾರೆ. ಮ್ಯಾನ್ಮಾರಿನಲ್ಲಿ 2021ರ ಸೇನಾ ದಂಗೆಯ ನಂತರ ಹಳ್ಳಿಗಳಿಗೆ ಹೋಗಿ ಕೆಲಸ ಮಾಡುವುದೇ ಕಷ್ಟವಾಗಿದೆ. ಬಲೆ ಬಿಟ್ಟ ಮನೆಗಳ ದುಡಿಮೆ ಕೆಟ್ಟರೆ ಬಲೆ ಮತ್ತೆ ಹೊರಬರುತ್ತದೆ. ಚೀನಾದ ತೀರದಲ್ಲಿ ಇನ್ನೊಂದು ವಿಚಿತ್ರ ಶತ್ರು ಇದೆ: ದಡದ ಮಣ್ಣು ಕೊಚ್ಚಿಹೋಗದಿರಲಿ ಎಂದು ಹಿಂದೆ ಅಮೆರಿಕದಿಂದ ತಂದು ನೆಟ್ಟ ಸ್ಪಾರ್ಟಿನಾ ಹುಲ್ಲು. ಅದು ಬೋಳು ಕೆಸರನ್ನು ಆಳೆತ್ತರದ ಹುಲ್ಲುಗಾವಲು ಮಾಡಿಬಿಡುತ್ತದೆ, ಅಲ್ಲಿ ಪುಟ್ಟ ಹಕ್ಕಿ ಮೇಯಲಾರದು. ಒಡ್ಡು ಕಟ್ಟುವುದು ನಿಂತ ಕಡೆಯೂ ಕೆಸರು ಹೀಗೆ ಕಳೆದುಹೋಗುತ್ತಿತ್ತು. 2022ರಿಂದ 2025ರವರೆಗಿನ ರಾಷ್ಟ್ರೀಯ ಯೋಜನೆಯೊಂದರಡಿ ಅದನ್ನು ಕೀಳುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬೇರಿನ ತುಂಡು ಉಳಿದರೂ, ಬೀಜ ತೇಲಿ ಬಂದರೂ ಮತ್ತೆ ಚಿಗುರುವ ಜಾತಿ ಅದು, ಆದ್ದರಿಂದ ಕಿತ್ತ ಜಾಗವನ್ನು ವರ್ಷವರ್ಷವೂ ಕಾಯಬೇಕು.

ಈ ಯಾವ ಕೆಲಸದ ಫಲವೂ ಕೂಡಲೇ ಎಣಿಕೆಯಲ್ಲಿ ಕಾಣುವುದಿಲ್ಲ. ಈ ಬೇಸಿಗೆ ಹಾರಲು ಕಲಿತ ಮರಿ ಬಲೆ, ಒಡ್ಡು, ಹುಲ್ಲು ಎಲ್ಲ ದಾಟಿತೇ ಎಂದು ಮೇಯ್ನಿಪಿಲ್ಗಿನೋದಲ್ಲಿ ಕಾಯುವವರಿಗೆ ಗೊತ್ತಾಗುವುದು ಎರಡು ವರ್ಷ ಬಿಟ್ಟು, ಜೂನ್ ತಿಂಗಳಲ್ಲಿ.